ಒಂದನೇ ವಿಳಾಸದಿಂದ ನಾಲ್ಕು ಬೈಟ್

ಮೆಮೊರಿಯಲ್ಲಿ ಎಂಟು ಬೈಟ್‌ಗಳನ್ನು ಸಾಲಾಗಿ ಇಟ್ಟುಕೊಳ್ಳೋಣ: 11, 22, 33, 44, 55, 66, 77, 88. ಮೊದಲನೆಯದರ ವಿಳಾಸ 0, ಕೊನೆಯದರ ವಿಳಾಸ 7. ಈಗ ಪ್ರೊಸೆಸರಿಗೆ ಒಂದೇ ಒಂದು ಕೆಲಸ ಹೇಳೋಣ: 1ನೇ ವಿಳಾಸದಿಂದ ಹಿಡಿದು ನಾಲ್ಕು ಬೈಟ್ ಓದಿಕೊಂಡು ಬಾ. ಇದರಲ್ಲೇನಿದೆ ಮಹಾ? 22, 33, 44, 55. ಎಣಿಸಲು ಬರುವ ಯಾವ ಮಗುವಾದರೂ ಹೇಳುತ್ತದೆ.

ಇದೇ ಪ್ರಶ್ನೆಯನ್ನು ಬೇರೆ ಬೇರೆ ಯಂತ್ರಗಳ ಮುಂದಿಟ್ಟು ನೋಡಿ! ಲ್ಯಾಪ್‌ಟಾಪಿನ ಇಂಟೆಲ್ ಚಿಪ್ ಯಾವ ತಕರಾರೂ ಇಲ್ಲದೆ 55443322 ಎನ್ನುತ್ತದೆ (ಕಿರಿಯ ಸ್ಥಾನದ ಬೈಟನ್ನು ಮೊದಲು ಇಡುವ ಪದ್ಧತಿ ಅದರದು, ಹಾಗಾಗಿ ಸಂಖ್ಯೆಯಾಗಿ ಬರೆದಾಗ ಹಿಂದುಮುಂದಾಗಿ ಕಾಣುತ್ತದೆ). ಸನ್ ಕಂಪನಿಯ ಸ್ಪಾರ್ಕ್ ಯಂತ್ರ ಉತ್ತರ ಕೊಡುವುದೇ ಇಲ್ಲ. ‘ಬಸ್ ಎರರ್’ ಎಂಬ ಎರಡು ಪದ ಬರೆದು ನಿಮ್ಮ ಪ್ರೋಗ್ರಾಮನ್ನು ಅಲ್ಲೇ ಕೊಂದುಹಾಕುತ್ತದೆ. ಡಿಜಿಟಲ್ ಕಂಪನಿಯ ಆಲ್ಫಾ ಸರಿಯಾದ ಉತ್ತರವನ್ನೇ ತರುತ್ತದೆ, ಆದರೆ ಆ ಒಂದು ಓದಿಗಾಗಿ ಆಪರೇಟಿಂಗ್ ಸಿಸ್ಟಮ್ಮೇ ಎದ್ದು ಬಂದು, ತಾನೇ ಕೈಯಾರೆ ಬೈಟ್‌ಗಳನ್ನು ಜೋಡಿಸಿ, ಯಾವ ಪ್ರೋಗ್ರಾಮಿನ ಯಾವ ಆಜ್ಞೆಯಿಂದ ಈ ತೊಂದರೆ ಬಂತೆಂದು ಒಂದು ಟಿಪ್ಪಣಿಯನ್ನೂ ಬರೆದಿಟ್ಟು ಹೋಗಿರುತ್ತದೆ. ಇನ್ನು ಹಳೆಯ ಆರ್ಮ್ ಚಿಪ್! ಅದು ಕೊಲ್ಲುವುದಿಲ್ಲ, ದೂರುವುದಿಲ್ಲ, ತಡವನ್ನೂ ಮಾಡುವುದಿಲ್ಲ. ನಿರಾಳವಾಗಿ 11443322 ಎಂಬ ಸಂಖ್ಯೆಯನ್ನು ತಂದು ಕೈಗಿಡುತ್ತದೆ. ನಾವು ಕೇಳಿದ 55 ಎಲ್ಲಿ ಹೋಯಿತು? ಕೇಳದೇ ಇದ್ದ 11 ಎಲ್ಲಿಂದ ಬಂತು?

ಇಲ್ಲಿ ಮೈ ಜುಮ್ಮೆನ್ನಿಸುವ ಸಂಗತಿಯೆಂದರೆ, ಈ ನಾಲ್ವರಲ್ಲಿ ಯಾರೂ ಕೆಟ್ಟುಹೋದ ಯಂತ್ರವಲ್ಲ. ಪ್ರತಿಯೊಂದೂ ತನ್ನ ಕೈಪಿಡಿಯಲ್ಲಿ ಬರೆದಿದ್ದನ್ನೇ ಅಕ್ಷರಶಃ ಪಾಲಿಸಿದೆ. ಕಂಪ್ಯೂಟರ್ ಮಾಡುವ ಕೆಲಸಗಳಲ್ಲೆಲ್ಲ ಅತಿ ಸರಳವಾದದ್ದು, ಮೆಮೊರಿಯಿಂದ ಒಂದು ಸಂಖ್ಯೆ ಓದುವುದು, ಅದರ ಬಗ್ಗೆಯೇ ಜಗತ್ತಿನ ಮಹಾನ್ ಎಂಜಿನಿಯರ್‌ಗಳು ಅರವತ್ತು ವರ್ಷಗಳಿಂದ ಒಮ್ಮತಕ್ಕೆ ಬಂದಿಲ್ಲ!

ಮೂಲ ಕಾರಣ ಒಂದೇ. ಮೆಮೊರಿಗೆ ಬೈಟ್ ಬೈಟಾಗಿ ವಿಳಾಸ ಕೊಟ್ಟಿರುವುದು ನಮ್ಮ ಅನುಕೂಲಕ್ಕೆ. ಒಳಗೆ ಅದು ಗುಂಪುಗುಂಪಾಗಿಯೇ ಕೈಗೆ ಬರುವುದು. ಇಡ್ಲಿ ಪಾತ್ರೆಯನ್ನು ನೆನೆಸಿಕೊಳ್ಳಿ: ಒಂದು ತಟ್ಟೆಯಲ್ಲಿ ನಾಲ್ಕು ಕುಳಿ, ಎತ್ತಿದರೆ ತಟ್ಟೆ ಪೂರ್ತಿ ಮೇಲೆ ಬರುತ್ತದೆ. ನಿಮಗೆ ಬೇಕಾದ ನಾಲ್ಕು ಇಡ್ಲಿ ಒಂದೇ ತಟ್ಟೆಯಲ್ಲಿದ್ದರೆ ಒಂದು ಸಲ ಎತ್ತಿದರೆ ಮುಗಿಯಿತು. ಮೇಲಿನ ತಟ್ಟೆಯ ಮೂರು, ಕೆಳಗಿನ ತಟ್ಟೆಯ ಒಂದು ಬೇಕೆಂದರೆ ಎರಡನ್ನೂ ಎತ್ತಲೇಬೇಕು, ಬೇಡವಾದದ್ದನ್ನು ಬಿಡಿಸಿ ಬೇಕಾದದ್ದನ್ನು ಜೋಡಿಸಲೇಬೇಕು. ನಾಲ್ಕು ಬೈಟ್‌ನ ಸಂಖ್ಯೆ 4ರ ಗುಣಕದ ವಿಳಾಸದಲ್ಲಿ, ಎಂಟು ಬೈಟ್‌ನದು 8ರ ಗುಣಕದಲ್ಲಿ ಕೂತಿದ್ದರೆ ಅದು ಅಲೈನ್ ಆಗಿದೆ ಎನ್ನುತ್ತಾರೆ. ಇಲ್ಲದಿದ್ದರೆ ಎರಡು ಸಲದ ದುಡಿಮೆ. ಆ ಎರಡನೇ ದುಡಿಮೆಯನ್ನು ಯಾರು ಮಾಡಬೇಕು? ಚಿಪ್ಪೇ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲೇ, ಕಂಪೈಲರೇ, ಇಲ್ಲಾ ಪ್ರೋಗ್ರಾಮ್ ಬರೆಯುವವರೇ? ಇಡೀ ಕಥೆ ಇರುವುದು ಈ ಪ್ರಶ್ನೆಯಲ್ಲಿ.

1978ರ ಇಂಟೆಲ್ 8086ರ ಹೊಟ್ಟೆಯೊಳಗೆ ಇಣುಕಿದರೆ ಇದು ಕಣ್ಣಿಗೇ ಕಾಣುತ್ತದೆ. ಅದರ ಮೆಮೊರಿ ಎರಡು ಬ್ಯಾಂಕ್‌ಗಳಾಗಿ ಒಡೆದಿದೆ. ಸಮ ವಿಳಾಸದ ಬೈಟ್‌ಗಳೆಲ್ಲ ಒಂದು ಕಡೆ, ಬೆಸ ವಿಳಾಸದವೆಲ್ಲ ಇನ್ನೊಂದು ಕಡೆ, ಎರಡಕ್ಕೂ ಎಂಟೆಂಟು ತಂತಿ. ಎರಡು ಬೈಟ್‌ನ ಸಂಖ್ಯೆ ಸಮ ವಿಳಾಸದಲ್ಲಿ ಶುರುವಾದರೆ ಎರಡೂ ಬ್ಯಾಂಕ್ ಒಟ್ಟಿಗೆ ಬಾಯಿ ತೆರೆಯುತ್ತವೆ. ಬೆಸದಲ್ಲಿ ಶುರುವಾದರೆ ಎರಡು ಸಲ ಹೋಗಿಬರಬೇಕು, 4 ಗಡಿಯಾರದ ಮಿಡಿತ ಹೆಚ್ಚು ಬೇಕು. ಇಂಟೆಲ್ ಆ ಹೊರೆಯನ್ನು ಚಿಪ್ಪಿನ ಮೇಲೇ ಹಾಕಿಕೊಂಡಿತು. ಪ್ರೋಗ್ರಾಮಿಗೆ ಸ್ವಲ್ಪ ನಿಧಾನವಾಯಿತೆಂಬುದು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ.

ಮರುವರ್ಷ, 1979ರಲ್ಲಿ ಬಂದ ಮೊಟೊರೋಲಾ 68000 ಚಿಪ್ಪನ್ನು ತಿರುಗಿಸಿ ಅದರ ಕಾಲುಗಳನ್ನು ಎಣಿಸಿ. ವಿಳಾಸದ ಪಿನ್‌ಗಳು 1ರಿಂದ 23ರವರೆಗೆ ಇವೆ. 0 ಎಂಬ ಪಿನ್ನೇ ಇಲ್ಲ! ಬೆಸವೋ ಸಮವೋ ಎಂದು ಹೇಳುವ ಆ ಕಟ್ಟಕಡೆಯ ಬಿಟ್ ಚಿಪ್ಪಿನಿಂದ ಹೊರಗೇ ಬರುವುದಿಲ್ಲ; ಜೋಡಿಯ ಮೇಲಿನ ಅರ್ಧ ಬೇಕೋ ಕೆಳಗಿನದೋ ಎಂದು ಹೇಳಲು ಬೇರೆ ಎರಡು ಪಿನ್‌ಗಳಿವೆ. ಬೆಸ ವಿಳಾಸದಿಂದ ಎರಡು ಬೈಟ್ ಕೇಳಿದರೆ ಅದು ಕೆಲಸ ನಿಲ್ಲಿಸಿ 3ನೇ ನಂಬರಿನ ಎಕ್ಸೆಪ್ಶನ್ ಎತ್ತುತ್ತದೆ. ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಆಟವಾಡುತ್ತ ಕೂತ ಮಕ್ಕಳ ಪರದೆಯ ಮೇಲೆ ಒಮ್ಮೊಮ್ಮೆ ಸಾಲಾಗಿ ಮೂರು ಬಾಂಬ್‌ಗಳ ಚಿತ್ರ ಮೂಡುತ್ತಿತ್ತಲ್ಲ, ಆ ಮೂರು ಎಂದರೆ ಇದೇ ಮೂರು. ಅಮಿಗಾದಲ್ಲಿ ಕೆಂಪು ಚೌಕಟ್ಟಿನ ‘ಗುರು ಮೆಡಿಟೇಶನ್’ ಸಂದೇಶದಲ್ಲಿ ಬರುತ್ತಿದ್ದ 3ನೇ ನಂಬರೂ ಇದೇ. ಯಾವನೋ ಪ್ರೋಗ್ರಾಮರ್ ಒಂದು ಸಂಖ್ಯೆಯನ್ನು ಬೆಸ ಮನೆಯಲ್ಲಿ ಕೂರಿಸಿದ್ದು, ಸಾವಿರಾರು ಮೈಲಿ ದೂರದ ಮನೆಯೊಂದರ ಟೀವಿ ಪರದೆಯ ಮೇಲೆ ಬಾಂಬಾಗಿ ಸಿಡಿಯುತ್ತಿತ್ತು! 1984ರ 68020 ಈ ಕಟ್ಟುಪಾಡನ್ನು ಸಡಿಲಿಸಿತು.

ಇದಕ್ಕೂ ಹಿಂದೆ ಹೋಗಬೇಕು, 1964ರ ಏಪ್ರಿಲ್ 7ಕ್ಕೆ. ಐಬಿಎಂ ತನ್ನ ಸಿಸ್ಟಂ/360 ಕಂಪ್ಯೂಟರ್ ಕುಟುಂಬವನ್ನು ಜಗತ್ತಿಗೆ ತೋರಿಸಿದ ದಿನ ಅದು. ಎಂಟು ಬಿಟ್‌ಗೊಂದು ಬೈಟ್, ಬೈಟ್‌ಗೊಂದು ವಿಳಾಸ ಎಂಬ, ಇವತ್ತು ನಾವು ಉಸಿರಾಟದಷ್ಟು ಸಹಜ ಎಂದುಕೊಂಡಿರುವ ಏರ್ಪಾಟು ಗಟ್ಟಿಯಾಗಿ ನೆಲೆಯೂರಿದ್ದು ಈ ಕುಟುಂಬದಿಂದ. ಅದರ ಜೊತೆಗೇ ಕಟ್ಟುನಿಟ್ಟಿನ ನಿಯಮವೂ ಬಂತು: ನಾಲ್ಕರ ಸಂಖ್ಯೆ ನಾಲ್ಕರ ಗುಣಕದಲ್ಲೇ ಇರಬೇಕು, ಎಂಟರದು ಎಂಟರಲ್ಲೇ, ತಪ್ಪಿದರೆ ಪ್ರೋಗ್ರಾಮಿಗೆ ತಡೆ. ಆದರೆ ವಿಜ್ಞಾನಿಗಳು ಬಳಸುತ್ತಿದ್ದ ಫೋರ್ಟ್ರಾನ್ ಭಾಷೆಯಲ್ಲಿ ‘ಕಾಮನ್’ ಎಂಬ ಸೌಲಭ್ಯವಿತ್ತು. ನಾಲ್ಕು ಬೈಟ್‌ನ ಒಂದು ಸಂಖ್ಯೆಯ ಬೆನ್ನಿಗೇ ಎಂಟು ಬೈಟ್‌ನದನ್ನು ಬರೆದರೆ ಎರಡನೆಯದು ತಾನೇತಾನಾಗಿ ತಪ್ಪು ಜಾಗದಲ್ಲಿ ಕೂರುತ್ತಿತ್ತು. ಭಾಷೆಯ ಪ್ರಕಾರ ಸರಿ, ಯಂತ್ರದ ಪ್ರಕಾರ ಅಪರಾಧ! ಆಗ ಐಬಿಎಂನವರು ಮಾಡಿದ ಉಪಾಯ ನೋಡಿ. ಫೋರ್ಟ್ರಾನ್ ಲೈಬ್ರರಿಯೊಳಗೆ ಒಂದು ಪುಟ್ಟ ರೊಟೀನ್ ಇಟ್ಟರು. ಯಂತ್ರ ತಡೆದ ಕೂಡಲೇ ಅದು ಎಚ್ಚರಗೊಳ್ಳುತ್ತದೆ, ಯಾವ ಆಜ್ಞೆ ಎಡವಿತೆಂದು ನೋಡುತ್ತದೆ, ಬೈಟ್‌ಗಳನ್ನು ಸರಿಯಾದ ಜಾಗಕ್ಕೆ ನಕಲು ಮಾಡಿ ಆ ಕೆಲಸವನ್ನು ಮುಗಿಸಿಕೊಡುತ್ತದೆ, ಮತ್ತೆ ಮರೆಯಾಗುತ್ತದೆ. ಪ್ರೋಗ್ರಾಮಿಗೆ ತಾನು ಎಡವಿದ್ದೇ ತಿಳಿಯುವುದಿಲ್ಲ. ಈ ರೊಟೀನನ್ನು ನೆನಪಿಟ್ಟುಕೊಳ್ಳಿ, ಇದರ ಮರಿಮೊಮ್ಮಕ್ಕಳು ಮುಂದೆ ಸಿಗುತ್ತಾರೆ. 1970ರ ಸಿಸ್ಟಂ/370ರ ಹೊತ್ತಿಗೆ ಐಬಿಎಂ ಆ ಹೊರೆಯನ್ನು ಹಾರ್ಡ್‌ವೇರಿಗೇ ವರ್ಗಾಯಿಸಿತು.

ಈಗ ಆ 11443322ರ ಒಗಟಿಗೆ ಬರೋಣ. ನನಗೆ ಇಡೀ ಕಥೆಯಲ್ಲಿ ಅತಿ ಮೋಹಕವಾಗಿ ಕಾಣುವ ಭಾಗಗಳಲ್ಲಿ ಇದು ಒಂದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಎಂಬ ಚಿಕ್ಕ ಕಂಪನಿ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದಾಳುತನದಲ್ಲಿ ಸಣ್ಣ ತಂಡವೊಂದು ರೂಪಿಸಿದ ಮೊದಲ ಆರ್ಮ್ ಚಿಪ್ 1985ರ ಏಪ್ರಿಲ್‌ನಲ್ಲಿ ಜೀವ ತಳೆಯಿತು. ಪ್ರತಿ ಟ್ರಾನ್ಸಿಸ್ಟರನ್ನೂ ಕಂಜೂಸಿಯಿಂದ ಖರ್ಚು ಮಾಡಿದ ಚಿಪ್ ಅದು. 1ನೇ ವಿಳಾಸ ಕೇಳಿದಿರಾ? ಅದು ಕೊನೆಯ ಎರಡು ಬಿಟ್ ಮರೆತು, 0ಯಿಂದ ಶುರುವಾಗುವ ಪೂರ್ತಿ ನಾಲ್ಕು ಬೈಟ್ ತರುತ್ತದೆ: 44332211. ಆಮೇಲೆ ಮರೆತಿದ್ದ ಆ ಎರಡು ಬಿಟ್‌ಗಳನ್ನು ನೋಡಿ, ಅಷ್ಟು ಬೈಟ್‌ಗಳಷ್ಟು ಆ ಸಂಖ್ಯೆಯನ್ನು ಗಿರಕಿ ಹೊಡೆಸುತ್ತದೆ. ತುದಿಯಲ್ಲಿದ್ದ 11 ಉರುಳಿ ಮೇಲಕ್ಕೆ ಹೋಗುತ್ತದೆ, 11443322! ಕೇಳಿದ 22 ಕೆಳಗಿನ ಸ್ಥಾನಕ್ಕೆ ಸರಿಯಾಗಿ ಬಂದು ಕೂತಿದೆ, ಗಮನಿಸಿ. ಒಂಟಿ ಬೈಟ್ ಓದಲು ಹೇಗೂ ಬೇಕಾಗಿದ್ದ ಈ ಗಿರಕಿಯ ಸಲಕರಣೆಯೇ ಇಲ್ಲೂ ದುಡಿಯುತ್ತದೆ.

ಇಲ್ಲಿಗೆ ನಿಂತಿದ್ದರೆ ಇದೊಂದು ವಿಚಿತ್ರ ಮಾತ್ರ. ಆದರೆ ಪ್ರೋಗ್ರಾಮರ್‌ಗಳು ಈ ವಿಚಿತ್ರವನ್ನೇ ಹಿಡಿದು ಉಪಕರಣ ಮಾಡಿಕೊಂಡರು! ಆ ಕಾಲದ ಆರ್ಮ್‌ಗೆ ಎರಡು ಬೈಟ್‌ನ ಸಂಖ್ಯೆಯನ್ನು ಒಂದೇ ಏಟಿಗೆ ಓದುವ ಆಜ್ಞೆಯೇ ಇರಲಿಲ್ಲ, ಅದು ಬಂದದ್ದು ನಾಲ್ಕನೇ ತಲೆಮಾರಿನ ವಿನ್ಯಾಸದಲ್ಲಿ. ಹಾಗಿದ್ದರೆ 2ನೇ ವಿಳಾಸದಲ್ಲಿರುವ ಎರಡು ಬೈಟ್ ಓದುವುದು ಹೇಗೆ? 2ನೇ ವಿಳಾಸದಿಂದ ನಾಲ್ಕು ಬೈಟ್ ಕೇಳಿ. ಗಿರಕಿ ಹೊಡೆದು 22114433 ಬರುತ್ತದೆ, ಕೆಳಗಿನ ಅರ್ಧ ಇಟ್ಟುಕೊಂಡು ಮೇಲಿನರ್ಧ ಅಳಿಸಿ, 4433 ಸಿಕ್ಕಿತು. ಜಿಸಿಸಿ ಕಂಪೈಲರ್ ಕೂಡ ಇದನ್ನು ಅಧಿಕೃತವಾಗಿ ಬಳಸುತ್ತಿತ್ತು. ಅದಕ್ಕೆಂದೇ ಒಂದು ಆಯ್ಕೆಯಿತ್ತು, ಕೈಪಿಡಿಯಲ್ಲಿ ವಿವರಣೆಯೂ ಇತ್ತು. 2001ರ ಗೇಮ್ ಬಾಯ್ ಅಡ್ವಾನ್ಸ್ ಎಂಬ ಅಂಗೈಯಗಲದ ಆಟದ ಯಂತ್ರದೊಳಗಿದ್ದ ಆರ್ಮ್ ಕೂಡ ಹೀಗೇ ಗಿರಕಿ ಹೊಡೆಸುತ್ತಿತ್ತು, ಹಾಗಾಗಿ ಇವತ್ತು ಆ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಬರೆಯುವವರು ಆ ಗಿರಕಿಯನ್ನೂ ಚಾಚೂ ತಪ್ಪದೆ ಅನುಕರಿಸಬೇಕು. ಆರನೇ ತಲೆಮಾರಿನಿಂದ ಆರ್ಮ್ ನೇರವಾಗಿ ಸರಿಯುತ್ತರ ಕೊಡಲು ಕಲಿಯಿತು. ಗಿರಕಿಯನ್ನು ನಂಬಿ ಬರೆದಿದ್ದ ಹಳೆಯ ಪ್ರೋಗ್ರಾಮ್‌ಗಳ ಪಾಲಿಗೆ ಆ ಸರಿಯುತ್ತರವೇ ತಪ್ಪುತ್ತರವಾಯಿತು.

ಆರ್ಮ್ ಮೇಲಿನ ಲಿನಕ್ಸ್‌ನಲ್ಲಿ ಇದಕ್ಕೆಂದೇ ಒಂದು ಕಡತವಿದೆ. ತೆರೆದರೆ, ಎಷ್ಟು ಸಲ ಅಲೈನ್ ಆಗದ ಓದು ನಡೆಯಿತು, ಕರ್ನಲ್‌ನೊಳಗೆಷ್ಟು, ಹೊರಗಿನ ಪ್ರೋಗ್ರಾಮ್‌ಗಳಲ್ಲೆಷ್ಟು ಎಂಬ ಲೆಕ್ಕ ಸಿಗುತ್ತದೆ. ಅದೇ ಕಡತಕ್ಕೆ ಒಂದು ಅಂಕಿ ಬರೆದರೆ ಕರ್ನಲ್ಲಿನ ನಡತೆಯೇ ಬದಲು: ಸುಮ್ಮನಿರು, ಎಚ್ಚರಿಸು, ಸರಿಪಡಿಸು, ಇಲ್ಲವೇ ಕೊಲ್ಲು. ಮೊದಲು ನೋಡಿದ ನಾಲ್ಕು ಯಂತ್ರಗಳ ನಾಲ್ಕು ಸ್ವಭಾವ ಇಲ್ಲಿ ಒಂದೇ ಅಂಕಿಯ ಆಯ್ಕೆಯಾಗಿ ಕೂತಿದೆ!

ಆಲ್ಫಾದ ಕಥೆ ಇನ್ನೂ ಚೆಂದ. 1992ರಲ್ಲಿ ಬಂದ ಈ 64 ಬಿಟ್ ಚಿಪ್ ವೇಗಕ್ಕಾಗಿ ಎಂಥ ತ್ಯಾಗ ಮಾಡಿತ್ತೆಂದರೆ, ಅದಕ್ಕೆ ಒಂದೇ ಒಂದು ಬೈಟನ್ನು ಓದುವ ಅಥವಾ ಬರೆಯುವ ಆಜ್ಞೆಯೂ ಇರಲಿಲ್ಲ. ಒಂದು ಅಕ್ಷರ ಬೇಕೆಂದರೂ ಎಂಟು ಬೈಟ್ ಎತ್ತಿ, ಒಳಗಿಂದ ಬಿಡಿಸಿಕೊಳ್ಳಬೇಕು. ಅದಕ್ಕೆಂದೇ ಕೊನೆಯ ಮೂರು ಬಿಟ್‌ಗಳನ್ನು ಲೆಕ್ಕಿಸದೆ ಓದುವ ವಿಶೇಷ ಆಜ್ಞೆಯೊಂದಿತ್ತು, ಅದು ಎಂದೂ ಎಡವುವುದಿಲ್ಲ. ಎಲ್ಲೋ ಒಂದು ವಿಳಾಸದಿಂದ ಎಂಟು ಬೈಟ್ ಬೇಕು, ಅದು ಅಲೈನ್ ಆಗಿದೆಯೋ ಇಲ್ಲವೋ ಗೊತ್ತಿಲ್ಲ. ಆಲ್ಫಾ ಹೇಳಿಕೊಡುವ ದಾರಿ: ಆ ವಿಳಾಸದಿಂದ ಒಮ್ಮೆ ಓದು, ಆ ವಿಳಾಸಕ್ಕೆ 7 ಕೂಡಿಸಿ ಇನ್ನೊಮ್ಮೆ ಓದು, ಮೊದಲನೆಯದನ್ನು ಕೆಳಕ್ಕೆ ಸರಿಸು, ಎರಡನೆಯದನ್ನು ಮೇಲಕ್ಕೆ ಸರಿಸು, ಎರಡನ್ನೂ ಒಂದರ ಮೇಲೊಂದಿಟ್ಟು ‘ಆರ್’ ಮಾಡು. ಐದೇ ಆಜ್ಞೆ, ‘ಹೀಗಿದ್ದರೆ ಹಾಗೆ’ ಎಂಬ ಕವಲೇ ಇಲ್ಲ.

8 ಕೂಡಿಸುವ ಬದಲು 7 ಯಾಕೆ? ಇದನ್ನು ತಿಳಿದ ಗಳಿಗೆ ಕಾಗದದ ಮೇಲೆ ನೀವೇ ಬರೆದು ನೋಡದೆ ಇರಲಾರಿರಿ. ವಿಳಾಸ ಗಡಿ ತಪ್ಪಿದ್ದಾಗ 7 ಕೂಡಿಸಿದರೆ ಮುಂದಿನ ಎಂಟರ ಗುಂಪಿಗೆ ಹೋಗುತ್ತೇವೆ, ಅದು ಬೇಕಾದದ್ದೇ. ವಿಳಾಸ ಸರಿಯಾಗಿಯೇ ಇದ್ದಾಗ 7 ಕೂಡಿಸಿದರೂ ಅದೇ ಗುಂಪಿನಲ್ಲಿ ಉಳಿಯುತ್ತೇವೆ. ಹಾಗಾಗಿ ಎರಡು ಓದೂ ಒಂದೇ ಸಂಖ್ಯೆಯನ್ನು ತರುತ್ತವೆ. ಸರಿಸಬೇಕಾದ ದೂರ ಎರಡರಲ್ಲೂ ಸೊನ್ನೆಯಾಗುತ್ತದೆ. ಒಂದು ಸಂಖ್ಯೆಯನ್ನು ಅದರ ಜೊತೆಗೇ ‘ಆರ್’ ಮಾಡಿದರೆ ಅದೇ ಸಂಖ್ಯೆ! ಯಾವ ಪರೀಕ್ಷೆಯನ್ನೂ ಮಾಡದೆ, ಅದೇ ಐದು ಆಜ್ಞೆ ಎಂಟೂ ಬಗೆಯ ವಿಳಾಸಕ್ಕೆ ಸರಿಯಾದ ಉತ್ತರ ಕೊಡುತ್ತದೆ. 8 ಕೂಡಿಸಿದ್ದರೆ ನೆಟ್ಟಗಿದ್ದ ವಿಳಾಸವೇ ಕೆಟ್ಟುಹೋಗುತ್ತಿತ್ತು, ಸಂಬಂಧವಿಲ್ಲದ ಪಕ್ಕದ ಗುಂಪು ಬಂದು ಬೆರೆಯುತ್ತಿತ್ತು. ಇಂಥ ಸೊಗಸು ಗಣಿತದ ಪ್ರಮೇಯದಲ್ಲಿ ಸಿಕ್ಕರೆ ಪುಸ್ತಕದಲ್ಲಿ ಚೌಕಟ್ಟು ಹಾಕಿ ಅಚ್ಚುಮಾಡುತ್ತೇವೆ. ಬೈಟ್ ಓದುವ ಆಜ್ಞೆಯನ್ನು ಆಲ್ಫಾ ಕೊನೆಗೂ 1996ರ ಮಾದರಿಯಲ್ಲಿ ಸೇರಿಸಿಕೊಂಡಿತು.

ಮಿಪ್ಸ್ ಕಂಪನಿ ಇದೇ ಸಮಸ್ಯೆಗೆ ಎರಡು ಆಜ್ಞೆಗಳ ಜೋಡಿಯೊಂದನ್ನು ಕಂಡುಹಿಡಿಯಿತು. ಒಂದು ಎಡಗಡೆಯ ತುಂಡನ್ನು ತರುತ್ತದೆ, ಇನ್ನೊಂದು ಬಲಗಡೆಯದನ್ನು. ಒಂದು ತಂದಿಟ್ಟ ಬೈಟ್‌ಗಳನ್ನು ಇನ್ನೊಂದು ಮುಟ್ಟುವುದಿಲ್ಲ, ಎರಡೂ ಸೇರಿ ರಿಜಿಸ್ಟರಿನಲ್ಲಿ ಪೂರ್ತಿ ಸಂಖ್ಯೆಯನ್ನು ಹೆಣೆಯುತ್ತವೆ. 1986ರ ಡಿಸೆಂಬರ್ 23ರಂದು ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1989ರಲ್ಲಿ ಪೇಟೆಂಟ್ ಸಿಕ್ಕಿತು, ಅಮೆರಿಕದ 4,814,976ನೇ ಪೇಟೆಂಟ್. ಗಡಿ ತಪ್ಪಿದ ನಾಲ್ಕು ಬೈಟ್ ಓದುವ ಬಗೆಯೂ ಒಬ್ಬರ ಆಸ್ತಿಯಾಯಿತು!

ಮುಂದೆ ಮೆಸಾಚುಸೆಟ್ಸ್‌ನ ಲೆಕ್ಸ್ರಾ ಎಂಬ ಪುಟ್ಟ ಕಂಪನಿ ಮಿಪ್ಸ್‌ಗೆ ಹೊಂದುವ ಪ್ರೊಸೆಸರ್ ವಿನ್ಯಾಸಗಳನ್ನು ಮಾರಲು ಹೊರಟಿತು. ಪೇಟೆಂಟ್ ಮುಟ್ಟಬಾರದೆಂದು ಓದುವ ಎರಡು, ಬರೆಯುವ ಎರಡು, ಒಟ್ಟು ಆ ನಾಲ್ಕು ಆಜ್ಞೆಗಳನ್ನು ಬಿಟ್ಟುಬಿಟ್ಟಿತು. ಆ ಆಜ್ಞೆ ಎದುರಾದರೆ ಚಿಪ್ ‘ಇದು ನನಗೆ ಗೊತ್ತಿಲ್ಲ’ ಎಂದು ಟ್ರ್ಯಾಪ್ ಎತ್ತುತ್ತದೆ, ಅಷ್ಟೆ. ಆದರೂ ಮಿಪ್ಸ್ 1999ರಲ್ಲಿ ಮೊಕದ್ದಮೆ ಹೂಡಿತು. ಅದರ ವಾದ ಕೇಳಿ: ಟ್ರ್ಯಾಪ್ ಆದ ಮೇಲೆ ಸಾಫ್ಟ್‌ವೇರ್ ಬಂದು, ಸಾಮಾನ್ಯ ಆಜ್ಞೆಗಳಿಂದಲೇ ಅದೇ ಫಲಿತಾಂಶವನ್ನು ಅನುಕರಿಸಬಹುದಲ್ಲ, ಹಾಗಾಗಿ ಪೇಟೆಂಟ್ ಉಲ್ಲಂಘನೆಯಾಗಿದೆ! ಬೈಟ್‌ಗಳನ್ನು ಓದಿ, ಸರಿಸಿ, ಜೋಡಿಸುವುದು ಭೂಮಿಯ ಮೇಲಿನ ಯಾವ ಕಂಪ್ಯೂಟರಿಗಾದರೂ ಬರುವ ಕೆಲಸ. ಆ ವಾದ ಸರಿಯಿರಲಿಲ್ಲವೆಂದೇ ನನ್ನ ಖಚಿತ ಅಭಿಪ್ರಾಯ. ಆದರೆ ಚಿಕ್ಕ ಕಂಪನಿಗೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಸುಲಭವಲ್ಲ, 2001ರಲ್ಲಿ ರಾಜಿಯಾಯಿತು. ಪೇಟೆಂಟ್ 2006ರ ಡಿಸೆಂಬರಿನಲ್ಲಿ ಮುಗಿಯಿತು. 2014ರಲ್ಲಿ ಬಂದ ಆರನೇ ಆವೃತ್ತಿಯಲ್ಲಿ ಮಿಪ್ಸ್ ಆ ನಾಲ್ಕೂ ಆಜ್ಞೆಗಳನ್ನು ತಾನೇ ತೆಗೆದುಹಾಕಿ, ಮಾಮೂಲಿ ಓದುವ ಆಜ್ಞೆಯೇ ಯಾವ ವಿಳಾಸವನ್ನಾದರೂ ನಿಭಾಯಿಸಬೇಕೆಂದು ನಿಯಮ ಮಾಡಿತು.

ಹಾಗಾದರೆ ಎಲ್ಲವನ್ನೂ ತಾಳಿಕೊಳ್ಳುವ ಇಂಟೆಲ್ ಲೋಕದಲ್ಲಿ ನೆಮ್ಮದಿಯೇ? ಇವತ್ತಿನ ಚಿಪ್ ಮೆಮೊರಿಯನ್ನು 64 ಬೈಟ್‌ಗಳ ಕ್ಯಾಶ್ ಲೈನ್‌ಗಳಾಗಿ ತರುತ್ತದೆ. ಆ ಲೈನಿನೊಳಗೆ ನಿಮ್ಮ ನಾಲ್ಕು ಬೈಟ್ ಎಲ್ಲಿದ್ದರೂ ಹೆಚ್ಚಿನ ಬೆಲೆ ಬಹುತೇಕ ಇಲ್ಲ. ಶುರುವಿನ ಜಾಗ 64ರಲ್ಲಿ ಕೊನೆಯ ಮೂರರಲ್ಲಿ ಬಿದ್ದರೆ ಮಾತ್ರ ಎರಡು ಲೈನ್ ಮುಟ್ಟಬೇಕು. 4096 ಬೈಟ್‌ನ ಪುಟದ ಅಂಚಿನಲ್ಲಿ ಬಿದ್ದರಂತೂ ಕಲ್ಪಿಸಿಕೊಳ್ಳಿ: ಎರಡು ಬೈಟ್ ಒಂದು ಪುಟದಲ್ಲಿ, ಇನ್ನೆರಡು ಮುಂದಿನದರಲ್ಲಿ, ಆ ಮುಂದಿನ ಪುಟ ಮೆಮೊರಿಯಲ್ಲೇ ಇಲ್ಲ, ಡಿಸ್ಕ್‌ನಲ್ಲಿ ಮಲಗಿದೆ! ಒಂದೇ ಸಂಖ್ಯೆಯ ಅರ್ಧ ಎಚ್ಚರ, ಅರ್ಧ ನಿದ್ದೆ. ಚಿಪ್ ಕೆಲಸ ನಿಲ್ಲಿಸಿ, ಕರ್ನಲ್ ಪುಟವನ್ನು ಎತ್ತಿ ತಂದು, ಆ ಆಜ್ಞೆಯನ್ನು ಮೊದಲಿನಿಂದ ಮತ್ತೆ ನಡೆಸಬೇಕು, ಪ್ರೋಗ್ರಾಮಿಗೆ ಏನೂ ಗೊತ್ತಾಗದ ಹಾಗೆ.

ಹಲವು ಕೋರ್‌ಗಳಿರುವ ಯಂತ್ರದಲ್ಲಿ ಬೇರೆಯವರು ಮಧ್ಯೆ ಬಾರದಂತೆ ಬೀಗ ಹಾಕಿ ಸಂಖ್ಯೆ ಬದಲಿಸುವ ಆಜ್ಞೆಗಳಿವೆ. ಆ ಸಂಖ್ಯೆ ಎರಡು ಕ್ಯಾಶ್ ಲೈನ್‌ಗೆ ಹಂಚಿಹೋಗಿದ್ದರೆ, ಚಿಪ್ ಮೆಮೊರಿಗೆ ಹೋಗುವ ಇಡೀ ಬಸ್ಸನ್ನೇ ತಡೆಯುತ್ತದೆ. ಒಬ್ಬನ ಎಡವಟ್ಟಿಗೆ ಎಲ್ಲ ಕೋರ್‌ಗಳೂ ಕಾಯಬೇಕು. 2020ರ ಲಿನಕ್ಸ್ 5.7 ಇದನ್ನು ಪತ್ತೆಹಚ್ಚಲು ಕಲಿಯಿತು, 2022ರ 5.19 ಹಾಗೆ ಮಾಡುವ ಪ್ರೋಗ್ರಾಮನ್ನು ಬೇಕೆಂದೇ ನಿಧಾನ ಮಾಡತೊಡಗಿತು, ಆಗ ಲಿನಕ್ಸ್ ಮೇಲೆ ಓಡುತ್ತಿದ್ದ ಕೆಲವು ವಿಂಡೋಸ್ ಆಟಗಳು ತೆವಳತೊಡಗಿದವು, ಕೊನೆಗೆ 6.2ರಲ್ಲಿ ಇದನ್ನು ಆರಿಸಲು ಒಂದು ಸ್ವಿಚ್ ಬಂತು.

ಇನ್ನೊಂದು ಹೊಂಚು 1999ರ ಪೆಂಟಿಯಂ 3ರಿಂದ ಕಾದು ಕೂತಿದೆ. 16 ಬೈಟ್ ಒಟ್ಟಿಗೆ ಓದುವ ಆಜ್ಞೆಗಳಲ್ಲಿ ಒಂದು ಬಗೆ, ವಿಳಾಸ 16ರ ಗುಣಕ ಆಗಿರಲೇಬೇಕೆಂದು ಪಟ್ಟು ಹಿಡಿಯುತ್ತದೆ. ಕಂಪೈಲರ್ ನಿಮ್ಮ ಲೂಪನ್ನು ನೋಡಿ, ‘ಇದು ನಾಲ್ಕು ಬೈಟ್‌ನ ಸಂಖ್ಯೆಗಳ ಪಾಯಿಂಟರ್, ಆದ್ದರಿಂದ 4ರ ಗುಣಕ ಇದ್ದೇ ಇರುತ್ತದೆ, ಕೆಲವು ಸಂಖ್ಯೆ ಬಿಡಿಯಾಗಿ ದಾಟಿದರೆ 16ರ ಗುಣಕ ಸಿಗುತ್ತದೆ’ ಎಂದು ಲೆಕ್ಕ ಹಾಕುತ್ತದೆ. ನಿಮ್ಮ ಪಾಯಿಂಟರ್ ಬೆಸ ವಿಳಾಸದ್ದಾಗಿದ್ದರೆ? ಬೆಸದಿಂದ ಹೊರಟು ನಾಲ್ಕು ನಾಲ್ಕು ಹೆಜ್ಜೆ ಇಡುತ್ತ ಹೋದರೆ ಪ್ರಳಯದವರೆಗೂ 16ರ ಗುಣಕ ಸಿಗದು. ವರ್ಷಗಟ್ಟಲೆ ಓಡಿದ ಪ್ರೋಗ್ರಾಮ್, ಕಂಪೈಲರಿನ ಜಾಣತನ ಒಂದು ಮೆಟ್ಟಿಲು ಏರಿದ ದಿನ, ಇಂಟೆಲ್ ಮೇಲೆಯೇ ಧೊಪ್ಪೆಂದು ಬೀಳುತ್ತದೆ. ಸಿ ಭಾಷೆಯ ಮಾನದಂಡದ ಪ್ರಕಾರ ಹಾಗೆ ಗಡಿ ತಪ್ಪಿದ ವಿಳಾಸವನ್ನು ದೊಡ್ಡ ಸಂಖ್ಯೆಯ ಪಾಯಿಂಟರ್ ಎಂದು ಕರೆಯುವುದೇ ಅಕ್ರಮ, ಆಮೇಲೆ ಏನಾದರೂ ಆಗಬಹುದು.

ಇಂಥ ವಿಳಾಸಗಳು ಬರುವುದಾದರೂ ಎಲ್ಲಿಂದ? ಎಲ್ಲೆಲ್ಲಿಂದಲೂ! ಈಥರ್ನೆಟ್ ತಲೆಬರಹ 14 ಬೈಟ್: ಆರು, ಆರು, ಎರಡು. ಅದರ ಬೆನ್ನಿಗೇ ಐಪಿ ತಲೆಬರಹ. ಅದರ 12ನೇ ಬೈಟ್‌ನಲ್ಲಿ ಕಳುಹಿಸಿದವರ ವಿಳಾಸ. 14ಕ್ಕೆ 12 ಕೂಡಿಸಿದರೆ 26, ನಾಲ್ಕರಿಂದ ಭಾಗವಾಗದು. ಅದಕ್ಕೆ ಲಿನಕ್ಸ್ ಪ್ರತಿ ಪ್ಯಾಕೆಟ್ಟಿನ ಮುಂದೆ ಎರಡು ಖಾಲಿ ಬೈಟ್ ಬಿಡುವ ಪದ್ಧತಿ ಇಟ್ಟುಕೊಂಡಿದೆ, 26 ಹೋಗಿ 28 ಆಗುತ್ತದೆ, ಸಂಖ್ಯೆ ನೆಟ್ಟಗೆ ಕೂರುತ್ತದೆ. ಇಂಟೆಲ್ ಬಗೆಯ ಚಿಪ್‌ಗಳಲ್ಲಿ ಮಾತ್ರ ಈ ಖಾಲಿ ಜಾಗ ಸೊನ್ನೆ, ಅಲ್ಲಿ ಗಡಿ ತಪ್ಪಿದ ಓದಿಗಿಂತ ನೆಟ್‌ವರ್ಕ್ ಕಾರ್ಡು ಗಡಿ ತಪ್ಪಿದ ಜಾಗಕ್ಕೆ ಬರೆಯುವುದೇ ದುಬಾರಿ. ಬಿಟ್‌ಮ್ಯಾಪ್ ಚಿತ್ರದ ಕಡತವನ್ನು ತೆರೆಯಿರಿ: ಮೊದಲೆರಡು ಬೈಟ್ ಬಿ ಮತ್ತು ಎಂ ಅಕ್ಷರ, ಮೂರನೆಯದರಿಂದಲೇ ನಾಲ್ಕು ಬೈಟ್‌ನ ಅಳತೆ ಶುರು. ಮೊದಲ ಸಂಖ್ಯೆಯಲ್ಲೇ ಗಡಿ ತಪ್ಪಿದೆ.

ನಮ್ಮ ಕನ್ನಡವೂ ಈ ಕಥೆಯೊಳಗಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್. ‘ಕ’ ಎಂದರೆ 224, 178, 149. ‘ಕನ್ನಡ’ ಎಂಬ ಮಾತಿಗೆ ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ಸಂಕೇತ, 15 ಬೈಟ್; ಕೊನೆಗೆ ಸೊನ್ನೆಯ ಒಂದು ಬೈಟ್ ಸೇರಿದರೆ ಥೇಟ್ 16! ‘ಬೆಂಗಳೂರು’ 24 ಬೈಟ್, ಸೊನ್ನೆ ಸೇರಿ 25. ಅದರ ಪಕ್ಕಕ್ಕೆ ಎಂಟು ಬೈಟ್‌ನ ಸಂಖ್ಯೆ ಬರಬೇಕೆಂದರೆ ಕಂಪೈಲರ್ 7 ಬೈಟ್ ಖಾಲಿ ಬಿಟ್ಟು 32ಕ್ಕೆ ಹಾರುತ್ತದೆ. ಪದದ ಉದ್ದ ಅಳೆಯುವ ಲೈಬ್ರರಿ ರೊಟೀನ್‌ಗಳು ವೇಗಕ್ಕಾಗಿ ಎಂಟೆಂಟು ಬೈಟ್ ಎತ್ತುತ್ತವೆ. ಹಾಗಾಗಿ ‘ಕನ್ನಡ’ದ ಮೊದಲ ಎಂಟು ಬೈಟ್‌ನಲ್ಲಿ ಕ ಇದೆ, ನ ಇದೆ, ಹಲಂತ ಚಿಹ್ನೆಯ ಮೂರರಲ್ಲಿ ಎರಡು ಪಾಲು ಇದೆ. ಆ ರೊಟೀನ್ ಪದ ಮುಗಿದ ಮೇಲೂ ಕೆಲವು ಬೈಟ್ ಮುಂದಕ್ಕೆ ಓದಿಬಿಡುತ್ತದೆ. ತನ್ನದಲ್ಲದ ಮೆಮೊರಿ ಮುಟ್ಟಿ ಬೀಳುವುದಿಲ್ಲವೇ? ಇಲ್ಲ. ಮೊದಲ ಕೆಲವು ಬೈಟ್‌ಗಳನ್ನು ಬಿಡಿಬಿಡಿಯಾಗಿ ನೋಡಿ 8ರ ಗುಣಕಕ್ಕೆ ಬಂದ ಮೇಲಷ್ಟೇ ಅದು ಎಂಟೆಂಟು ಎತ್ತುವುದು. ಅಲೈನ್ ಆದ ಎಂಟರ ಗುಂಪು ಎಂದೂ ಎರಡು ಪುಟಗಳಿಗೆ ಹಂಚಿಹೋಗುವುದಿಲ್ಲ. ಮೊದಲ ಬೈಟ್ ಮುಟ್ಟಲು ಅನುಮತಿಯಿದ್ದರೆ ಎಂಟಕ್ಕೂ ಇದ್ದಂತೆ!

ಇಷ್ಟೆಲ್ಲ ಸ್ವಭಾವಗಳ ನಡುವೆ ಎಲ್ಲ ಕಡೆ ಓಡುವ ಒಂದೇ ಪ್ರೋಗ್ರಾಮ್ ಬರೆಯಲು ಸಾಧ್ಯವೇ? ಸಾಧ್ಯ, ಅದೂ ಒಂದೇ ಸಾಲಿನಲ್ಲಿ. ಗಡಿ ತಪ್ಪಿದ ಜಾಗದ ನಾಲ್ಕು ಬೈಟನ್ನು ಮೆಮ್‌ಕಾಪಿ ಬಳಸಿ ಒಂದು ಮಾಮೂಲಿ ವೇರಿಯಬಲ್‌ಗೆ ನಕಲು ಮಾಡಿ. ನಕಲು ನಿಧಾನ ಎಂದು ಹೆದರಬೇಡಿ, ಕಂಪೈಲರ್ ಏನು ಹೊರಹಾಕಿದೆ ನೋಡಿ. ಇಂಟೆಲ್‌ಗೆ ಬರೆಯುವಾಗ ಆ ಕರೆ ಪೂರ್ತಿ ಮಾಯವಾಗಿ ಒಂದೇ ಒಂದು ಓದುವ ಆಜ್ಞೆ ಉಳಿದಿರುತ್ತದೆ! ಹಳೆಯ ಆರ್ಮ್‌ಗಾದರೆ ನಾಲ್ಕು ಬೈಟ್ ಬಿಡಿಯಾಗಿ ಓದಿ ಜೋಡಿಸುವ ಸಾಲುಗಳು. ಮಿಪ್ಸ್‌ಗಾದರೆ ಆ ಎಡ-ಬಲದ ಜೋಡಿ. ಆಲ್ಫಾಗಾದರೆ ಆ ಎರಡು ಓದಿನ ಸರಿಸಾಟ. ಅರವತ್ತು ವರ್ಷಗಳ ಜಗಳ, ಪೇಟೆಂಟ್, ಬಾಂಬ್ ಚಿತ್ರ, ಗಿರಕಿ, ಎಲ್ಲವನ್ನೂ ಬಲ್ಲ ಕಂಪೈಲರ್ ನಿಮ್ಮ ಒಂದು ಸಾಲನ್ನು ಓದಿ ಆಯಾ ಚಿಪ್ಪಿಗೆ ತಕ್ಕ ಉತ್ತರವನ್ನು ತಾನೇ ಆರಿಸುತ್ತದೆ. ಕಂಪ್ಯೂಟರ್ ಲೋಕದಲ್ಲಿ ನನಗೆ ಇಷ್ಟು ಸಂತೋಷ ಕೊಟ್ಟ ಸಂಗತಿಗಳು ಹೆಚ್ಚಿಲ್ಲ.

ಕಥೆ ಮುಗಿದಿಲ್ಲ. 2010ರಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿದ ರಿಸ್ಕ್-ವಿ, ಅಂದರೆ ನಮ್ಮ ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗಾ’ ಪ್ರೊಸೆಸರ್‌ಗಳು ಯಾವುದರ ಮೇಲೆ ನಿಂತಿವೆಯೋ ಆ ವಿನ್ಯಾಸ, ಈ ಪ್ರಶ್ನೆಯನ್ನು ಮತ್ತೆ ತೆರೆದಿಟ್ಟಿದೆ. ಗಡಿ ತಪ್ಪಿದ ಓದನ್ನು ಚಿಪ್ ತಾನೇ ಮಾಡಬಹುದು, ಇಲ್ಲವೇ ಟ್ರ್ಯಾಪ್ ಎತ್ತಬಹುದು. ಎತ್ತಿದರೆ ಕರ್ನಲ್‌ಗಿಂತ ಕೆಳಗಿನ ಫರ್ಮ್‌ವೇರ್ ಎಚ್ಚರಗೊಂಡು, ಬೈಟ್ ಬೈಟಾಗಿ ಓದಿ, ಜೋಡಿಸಿಕೊಟ್ಟು, ಮರೆಯಾಗುತ್ತದೆ. ಐಬಿಎಂನ ಆ ಫೋರ್ಟ್ರಾನ್ ರೊಟೀನಿನ ಮರಿಮೊಮ್ಮಗ! ಕೈಪಿಡಿ ನೋಡಿ ವೇಗ ತಿಳಿಯುವಂತಿಲ್ಲವಾದ್ದರಿಂದ ಲಿನಕ್ಸ್ ಕರ್ನಲ್ ಒಂದು ಕೆಲಸ ಮಾಡುತ್ತದೆ: ಯಂತ್ರ ಶುರುವಾಗುವಾಗ ಗಡಿ ತಪ್ಪಿದ ಜಾಗದಿಂದ ದೊಡ್ಡ ತುಂಡುಗಳಾಗಿ ಒಮ್ಮೆ, ಬೈಟ್ ಬೈಟಾಗಿ ಇನ್ನೊಮ್ಮೆ ನಕಲು ಮಾಡಿ, ಯಾವುದು ವೇಗವೆಂದು ಗಡಿಯಾರ ಹಿಡಿದು ಅಳೆದು, ‘ವೇಗ’, ‘ನಿಧಾನ’, ‘ಅನುಕರಣೆ’ ಎಂದು ಪ್ರೋಗ್ರಾಮ್‌ಗಳಿಗೆ ತಿಳಿಸುತ್ತದೆ.

ಸಿ ಬರೆಯುವ ಎಲ್ಲರಲ್ಲೂ ಒಂದು ಕೋರಿಕೆ. ಜಿಸಿಸಿಯಲ್ಲೂ ಕ್ಲ್ಯಾಂಗ್‌ನಲ್ಲೂ ಅಲೈನ್‌ಮೆಂಟ್ ಸ್ಯಾನಿಟೈಸರ್ ಎಂಬ ಆಯ್ಕೆಯಿದೆ. ಗಡಿ ತಪ್ಪಿದ ಓದು ನಡೆದ ಕೂಡಲೇ ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ಅದು ಹೇಳಿಬಿಡುತ್ತದೆ. ಇಂಟೆಲ್ ಮೇಲೆ ಚೆನ್ನಾಗಿಯೇ ಓಡುತ್ತಿರುವ ನಿಮ್ಮ ಪ್ರೋಗ್ರಾಮನ್ನು ಆ ಆಯ್ಕೆ ಹಾಕಿ ಇವತ್ತೇ ಒಮ್ಮೆ ಓಡಿಸಿ, ಅದು ತೋರಿಸಿದ ಸಾಲುಗಳಲ್ಲಿ ಮೆಮ್‌ಕಾಪಿ ಬರೆಯಿರಿ.